ಎಷ್ಟು ಬಿಟ್ಟಿದ್ದೀರಿ?

ಗಣಿತದ ಮೇಷ್ಟ್ರು ಅವತ್ತು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಹದಿನಾಲ್ಕು ಮಕ್ಕಳ ಉಡುಪನ್ನು ಒಂಬತ್ತು ದಿನದಲ್ಲಿ ತಾವೊಬ್ಬರೇ ಹೊಲಿದುಕೊಡುವುದಾಗಿ ಘೋಷಿಸಿದರು. ಯಾರೂ ಅವರನ್ನು ಕೇಳಿರಲಿಲ್ಲ. ಮೇಷ್ಟ್ರ ಬಾಳಿನ ಅನಾಹುತಗಳೆಲ್ಲ ಹೀಗೆ ಯಾರೂ ಕೇಳದೇ ಇದ್ದಾಗಲೇ ಶುರುವಾಗಿವೆ.

ಆದದ್ದಿಷ್ಟು. ಶಾಲೆಯ ಸಂಗೀತ ನಾಟಕಕ್ಕೆ ಬಟ್ಟೆ ಹೊಲಿಯಬೇಕಾಗಿದ್ದವರು ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡರು. ತಲೆಯ ಮೇಲೆ ಕೈಹೊತ್ತು ಕೂತಿದ್ದ ಸಂಗೀತದ ಟೀಚರ್ ಮೇಷ್ಟ್ರ ಕಡೆ ತಿರುಗಿ, "ಸರ್, ನಿಮ್ಮ ಮನೆಯವರು ಟೈಲರ್ ಅಲ್ವಾ? ಒಂದು ಮಾತು ಕೇಳಿ ನೋಡ್ತೀರಾ?" ಅಂದರು. ಇದರಲ್ಲಿ ಸಿಟ್ಟಾಗುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಮೇಷ್ಟ್ರಿಗೆ ಸಿಟ್ಟಾಗಲು ಕಾರಣ ಬೇಕಿರಲಿಲ್ಲ, ನಿಲ್ಲುವಷ್ಟು ಜಾಗ ಸಿಕ್ಕಿದರೆ ಸಾಕಿತ್ತು.

"ಮನೆಯವರ್ಯಾಕೆ? ನಾನಿಲ್ವಾ?" ಎಂದು ಎದ್ದರು. "ಹೊಲಿಗೆ ಅಂದ್ರೆ ಏನ್ರೀ? ಅಂಗಿ ಅಂದ್ರೆ ಎರಡು ಆಯತ. ತೋಳು ಅಂದ್ರೆ ಎರಡು ಕೊಳವೆ. ಕಾಲರ್ ಅಂದ್ರೆ ವೃತ್ತದ ಒಂದು ತುಂಡು. ಎಂಟನೇ ಕ್ಲಾಸಿನ ಪಾಠ ಇದು. ಇದಕ್ಕೆಲ್ಲ ಟೈಲರ್ ಯಾಕೆ?"

ಸಂಗೀತದ ಟೀಚರಿಗೆ ಬೇರೆ ದಾರಿಯಿರಲಿಲ್ಲ. ರಂಗದ ಉಡುಪು ವಿನ್ಯಾಸದ ಬಗ್ಗೆ ಒಂದು ತೆಳ್ಳನೆಯ ಪುಸ್ತಕ ತಂದು ಅವರ ಕೈಗಿಟ್ಟು, "ಮೊದಲನೇ ಪಾಠ ಆದ್ರೂ ಓದಿ ಸರ್" ಎಂದು ಬೇಡಿಕೊಂಡರು. ಮೇಷ್ಟ್ರು ಪರಿವಿಡಿ ಓದಿದರು. ಎಲ್ಲ ಗೊತ್ತಿರುವುದೇ ಅನ್ನಿಸಿತು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದರು.

ಅವರ ಮನೆಯ ಮುಂದಿನ ಕೋಣೆಯೇ ಹೆಂಡತಿಯ ಅಂಗಡಿ. ಕಿಟಕಿಯ ಪಕ್ಕ ಮೆಷಿನ್, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಲ್ಲಿ ತೋಳಿಲ್ಲದ, ಕಾಲರಿಲ್ಲದ ಅರೆಬರೆ ಅಂಗಿಗಳು. ಇಪ್ಪತ್ತೊಂದು ವರ್ಷದಿಂದ ಮೇಷ್ಟ್ರು ಆ ಕೋಣೆ ದಾಟಿಕೊಂಡೇ ಒಳಗೆ ಹೋಗುತ್ತಿದ್ದರು, ಒಂದು ದಿನವೂ ಅಲ್ಲಿ ನಿಂತವರಲ್ಲ. ಅವತ್ತು ನಿಂತರು.

"ನಾಳೆಯಿಂದ ಸಾಯಂಕಾಲ ನಿನ್ನ ಮೆಷಿನ್ ನನಗೆ ಬೇಕು."

ಹೆಂಡತಿ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು. "ಯಾಕೆ?"

"ನಾಟಕಕ್ಕೆ ಹದಿನಾಲ್ಕು ಉಡುಪು ಹೊಲಿಬೇಕು."

"ಯಾರು ಹೊಲಿಯೋದು?"

"ನಾನು."

ಅವಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. "ಟೀಚರ್ ನನ್ನ ಕೇಳಿ ಅನ್ನಲಿಲ್ವಾ?"

"ಅಂದ್ರು. ಇಷ್ಟು ಸಣ್ಣ ವಿಷಯಕ್ಕೆ ನಿನಗ್ಯಾಕೆ ತೊಂದರೆ ಅಂತ ನಾನೇ ಒಪ್ಕೊಂಡೆ. ಹೊಲಿಗೆ ಅಂದ್ರೆ ಕೂಡೋದು, ಕಳೆಯೋದು, ಅಷ್ಟೇ ತಾನೆ?"

ತಾವು ಹೆಂಡತಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇವೆ ಎಂದೇ ಅವರು ನಂಬಿದ್ದರು. ಹೇಳಿ, ಇಂಥ ಮನುಷ್ಯನನ್ನು ಏನು ಮಾಡಬೇಕು? ಬೀದಿಯ ಅರ್ಧ ಜನರ ಮೈಗೆ ಒಪ್ಪುವಂತೆ ಬಟ್ಟೆ ಹೊಲಿದುಕೊಟ್ಟವಳ ಎದುರು ನಿಂತು ಆಡುವ ಮಾತೇ ಇದು? ಹೆಂಡತಿ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು. ಮೆಲ್ಲಗೇ ಇಟ್ಟಳು. ಅವಳ ಸಿಟ್ಟು ಗಂಡನ ಸಿಟ್ಟಿನ ಹಾಗೆ ಸದ್ದು ಮಾಡುವಂಥದ್ದಲ್ಲ.

"ಮೆಷಿನ್ ತಗೊಳ್ಳಿ, ಮೇಜು ತಗೊಳ್ಳಿ, ದಾರ, ಸೂಜಿ, ಗುಂಡಿ ಎಲ್ಲ ತಗೊಳ್ಳಿ. ಸಲಹೆ ಮಾತ್ರ ಕೇಳ್ಬೇಡಿ, ನಾನು ಕೊಡಲ್ಲ. ಇನ್ನೊಂದು ಮಾತು. ಈ ಕತ್ತರಿ ಇರೋದು ಬಟ್ಟೆಗೆ. ಇದರಲ್ಲಿ ಕಾಗದ ಕತ್ತರಿಸಿದ್ರೋ, ಆಮೇಲೆ ನನ್ನ ಅನ್ಬೇಡಿ."

"ನನಗೆ ಯಾರ ಸಲಹೆ ಬೇಕಾಗಿದೆ?" ಎಂದು ಮೇಷ್ಟ್ರು ಒಳಗೆ ಹೋದರು.

ಒಳಗೆ ಇನ್ನೊಂದು ಯುದ್ಧ ಕಾದಿತ್ತು. ಮಗಳು ಅದೇ ಶಾಲೆಯಲ್ಲಿ ಹತ್ತನೇ ಕ್ಲಾಸು, ಅದೇ ನಾಟಕದಲ್ಲಿ ಸ್ಟೇಷನ್ ಮಾಸ್ಟರ್. ತಡವಾದ ರೈಲಿಗಾಗಿ ಒಂದಿಡೀ ದಿನ ಕಾಯುವ ಜನರ ಕಥೆ ಅದು. ಹತ್ತು ಮಂದಿ ಹಮಾಲರು, ಮೂವರು ಪ್ರಯಾಣಿಕರು, ಒಬ್ಬಳು ಸ್ಟೇಷನ್ ಮಾಸ್ಟರ್. ಎಲ್ಲರೂ ಕಾದು ಸುಸ್ತಾದ ಮೇಲೆ ಕೊನೆಯಲ್ಲಿ ಅವಳು ಬಂದು "ಬಂತು" ಎಂಬ ಒಂದೇ ಪದವನ್ನು ಹದಿನಾರು ಎಣಿಕೆಯಷ್ಟು ಹೊತ್ತು ಎಳೆದು ಹಾಡಬೇಕು. ನಾಟಕದ ಜೀವವೇ ಆ ಒಂದು ಸ್ವರ. ಎರಡು ತಿಂಗಳಿಂದ ಅವಳು ಬಚ್ಚಲಲ್ಲಿ, ಮಹಡಿಯಲ್ಲಿ, ಬಟ್ಟೆ ಒಣಹಾಕುವಾಗ ಅದನ್ನೇ ಎಳೆಯುತ್ತಿದ್ದಳು. ಮೊದಲು ಒಂಬತ್ತಕ್ಕೆ ನಿಲ್ಲುತ್ತಿತ್ತು. ಈಗ ಹದಿನಾರು ಮುಟ್ಟುತ್ತಿತ್ತು.

"ಅಪ್ಪ, ನೀವು ನಾಟಕಕ್ಕೆ ಬರಬೇಡಿ" ಅಂದಳು.

"ಯಾಕೆ ಬರಬಾರದು?"

"ಶಾಲೇಲಿ ಎಲ್ರೂ ನನ್ನ ದಶಮಾಂಶದ ಮಗಳು ಅಂತಾರೆ. ಪಾತ್ರ ಸಿಕ್ಕಿದ ಮೇಲೆ ಸ್ಟೇಷನ್ ಮಾಸ್ಟರ್ ಅಂತಿದಾರೆ. ಅದೊಂದು ನನ್ನದು. ಅಲ್ಲಿಗೂ ನೀವು ಬಂದ್ರೆ ನಾನೇನು ಮಾಡಲಿ?"

ದಶಮಾಂಶ ಎಂಬುದು ಮಕ್ಕಳು ಮೇಷ್ಟ್ರಿಗೆ ಇಟ್ಟ ಹೆಸರು. ಉತ್ತರ ಸರಿಯಿದ್ದು ಕೆಳಗೆ ಗೆರೆ ಸೊಟ್ಟಗಿದ್ದರೂ ಅವರು ಕಾಲು ಅಂಕ ಕಳೆಯುತ್ತಿದ್ದರು. ಆ ಹೆಸರು ಅವರಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಮಗಳ ಬಾಯಲ್ಲಿ ಕೇಳಿದಾಗ ಮಾತ್ರ ರೇಗಿಹೋಯಿತು. "ಬಂದೇ ಬರ್ತೀನಿ. ನಿನ್ನ ಕೋಟು ಹೊಲಿಯೋನೂ ನಾನೇ" ಅಂದರು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಆ ಬಾಗಿಲಿನ ಸದ್ದು ಅವಳು ಯಾರ ಮಗಳೆಂಬುದನ್ನು ಸಾರಿ ಹೇಳುವಂತಿತ್ತು.

ಮರುದಿನ ಅಳತೆಯ ಕಾರ್ಯಕ್ರಮ. ಮೇಷ್ಟ್ರು ಮಕ್ಕಳನ್ನು ಎತ್ತರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರು. ಹಮಾಲರ ನಾಯಕ ಮೊದಲು ಬಂದ. ಗುಂಡಗೆ ಇದ್ದ ಅವನನ್ನು ಎಲ್ಲರೂ ಟ್ರಂಕು ಎನ್ನುತ್ತಿದ್ದರು. ಮೇಷ್ಟ್ರು ಎದೆಗೆ ಟೇಪು ಸುತ್ತಿದರೆ ಒಮ್ಮೆ ಎಂಬತ್ತೆಂಟು ಬಂತು, ಮರುಕ್ಷಣ ತೊಂಬತ್ತೊಂದು ಬಂತು, ಮತ್ತೆ ಎಂಬತ್ತೆಂಟು.

"ಏನೋ ಇದು? ನಿನಗೆ ಒಂದು ಅಳತೆ ಅಂತ ಇಲ್ವಾ?"

"ಉಸಿರಾಡ್ತಿದೀನಿ ಸರ್."

"ಯಾರು ಆಡು ಅಂದಿದ್ದು? ಪೂರ್ತಿ ಉಸಿರು ಬಿಟ್ಟು ಹಾಗೇ ನಿಲ್ಲು."

ಟ್ರಂಕು ಉಸಿರು ಬಿಟ್ಟು, ಭಯಕ್ಕೆ ಹೊಟ್ಟೆಯನ್ನೂ ಒಳಗೆಳೆದುಕೊಂಡು, ಕೈಗಳನ್ನು ತೊಡೆಗೆ ಅಂಟಿಸಿ ನಿಂತ. ಎಂಬತ್ತಾರು ಪಾಯಿಂಟ್ ನಾಲ್ಕು. ಟೇಪು ಅಲ್ಲಾಡಲಿಲ್ಲ. ಗಣಿತಕ್ಕೆ ಬೇಕಾದದ್ದು ಇಂಥ ಸ್ಥಿರಾಂಕವೇ! ಮಿಕ್ಕ ಹದಿಮೂರು ಮಂದಿಯನ್ನೂ ಮೇಷ್ಟ್ರು ಹೀಗೇ ಉಸಿರು ಬಿಡಿಸಿ ಅಳೆದರು. ಮಗಳು ಎಲ್ಲರಿಗಿಂತ ಕೊನೆಗೆ ಬಂದು, ಮುಖ ಗೋಡೆಯ ಕಡೆ ತಿರುಗಿಸಿ, ಕಂಬದ ಹಾಗೆ ನಿಂತು ಅಳತೆ ಕೊಟ್ಟು ಹೋದಳು.

ಮೂರನೇ ದಿನ ಹೆಂಡತಿ ಒಗೆದ ಬಟ್ಟೆ ತರಲು ಮಹಡಿಗೆ ಹೋಗಿದ್ದಾಗ ಮೇಷ್ಟ್ರು ಗ್ರಾಫ್ ಕಾಗದದ ಮೇಲೆ ಹದಿನಾಲ್ಕು ನಕ್ಷೆ ಬರೆದು, ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡು ಕಾಗದ ಕತ್ತರಿಸಿದರು. ಕತ್ತರಿಗೇನು ಗೊತ್ತಾಗುತ್ತದೆ, ಕತ್ತರಿಸುವುದು ಅದರ ಕೆಲಸ ಎಂಬುದು ಅವರ ತರ್ಕ. ಹೆಂಡತಿ ಕೆಳಗೆ ಬಂದವಳು ನೆಲದ ಮೇಲಿನ ಕಾಗದದ ಚೂರು ನೋಡಿದಳು. ಕತ್ತರಿ ತೆಗೆದುಕೊಂಡು ಒಂದು ತುಂಡು ಬಟ್ಟೆಯ ಮೇಲೆ ಹಾಯಿಸಿದಳು. ಕತ್ತರಿ ಬಟ್ಟೆಯನ್ನು ಕತ್ತರಿಸಲಿಲ್ಲ, ಜಗಿಯಿತು.

"ಸಾಣೆ ಹಿಡಿಸ್ಕೊಂಡು ಬನ್ನಿ."

"ಈಗಲೇ?"

"ಈಗಲೇ. ನಡ್ಕೊಂಡು."

ಅಷ್ಟು ದೂರ ನಡೆದು, ಸಾಣೆಯವನ ಎದುರು ಅರ್ಧ ಗಂಟೆ ನಿಂತು, "ಕಾಗದ ಕತ್ತರಿಸಿದ್ರಾ ಸರ್?" ಎಂದು ಅವನಿಂದಲೂ ಕೇಳಿಸಿಕೊಂಡು ಮೇಷ್ಟ್ರು ವಾಪಸ್ಸು ಬಂದರು. ಸಿಟ್ಟನ್ನೆಲ್ಲ ಬಟ್ಟೆಯ ಮೇಲೆ ತೀರಿಸಿಕೊಂಡು, ನಕ್ಷೆಯ ಗೆರೆಯ ಮೇಲೆ ಒಂದು ಎಳೆಯೂ ಆಚೀಚೆ ಆಗದಂತೆ ಹಮಾಲರ ನೀಲಿ ಬಟ್ಟೆಯಿಂದ ಕೋಟಿನ ಕಪ್ಪು ಬಟ್ಟೆಯವರೆಗೆ ಎಲ್ಲವನ್ನೂ ಕತ್ತರಿಸಿ ಮುಗಿಸಿದರು. ಹೆಂಡತಿ ಆ ಕಡೆಯಿಂದ ಹೋಗುತ್ತಿದ್ದವಳು ಒಂದು ತುಂಡನ್ನು ಎತ್ತಿ ಅಂಚು ನೋಡಿದಳು. ಅವಳ ಹುಬ್ಬು ಮೇಲೇರಿತು.

"ಎಷ್ಟು ಬಿಟ್ಟಿದ್ದೀರಿ?"

"ಏನು ಬಿಡೋದು?"

"ಕತ್ತರಿಸೋವಾಗ ಎಷ್ಟು ಬಿಟ್ಟಿದ್ದೀರಿ ಅಂತ ಕೇಳಿದೆ."

"ಯಾರನ್ನೂ ಬಿಟ್ಟಿಲ್ಲ. ಹದಿನಾಲ್ಕೂ ಇದೆ, ಎಣಿಸ್ಕೋ."

"ಒಂದಿಷ್ಟೂ ಬಿಟ್ಟಿಲ್ವಾ?"

"ಕಾಲು ಅಂಕ ಬಿಡದವನು ಬಟ್ಟೆ ಬಿಡ್ತೀನಾ?"

ಹೊಲಿಯುವವರ ಬಾಯಲ್ಲಿ 'ಬಿಡುವುದು' ಎಂದರೆ ಅಂಚಿನಲ್ಲಿ ಹೊಲಿಗೆ ತಿನ್ನುವುದಕ್ಕೆ ಒಂದಿಷ್ಟು, ಮೈ ಆಡುವುದಕ್ಕೆ ಇನ್ನೊಂದಿಷ್ಟು ಬಟ್ಟೆಯನ್ನು ಅಳತೆಗಿಂತ ಹೆಚ್ಚಿಗೆ ಇಟ್ಟುಕೊಳ್ಳುವುದು. ಹೊಲಿಗೆ ಕಲಿಯಲು ಬಂದ ಹುಡುಗಿಯರಿಗೆ ಹೆಂಡತಿ ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ. ಅದನ್ನು ಗಂಡನಿಗೂ ಹೇಳಲು ಅವಳು ಬಾಯಿ ತೆರೆದಳು. ಸಲಹೆ ಕೊಡುವುದಿಲ್ಲ ಎಂದಿದ್ದು ನೆನಪಾಯಿತು. "ಸರಿ" ಎಂದು ಹೊರಟುಹೋದಳು. ಆ ಮನೆಯಲ್ಲಿ 'ಸರಿ'ಗೆ ಮೂರು ಅರ್ಥವಿತ್ತು, ಅದರಲ್ಲಿ ಒಂದೂ ಸರಿ ಎಂದಲ್ಲ. ಮೇಷ್ಟ್ರು ಮಾತ್ರ ಅದನ್ನು ಮೆಚ್ಚುಗೆ ಎಂದುಕೊಂಡರು.

ಮೊದಲ ಅಂಗಿ ಹೊಲಿದು ಮುಗಿಸಿ ಅಳೆದರೆ ಎದೆ ಸುತ್ತಳತೆಯಲ್ಲಿ ನಾಲ್ಕು ಸೆಂಟಿಮೀಟರ್ ನಾಪತ್ತೆ. ಎಡಕ್ಕೊಂದು ಹೊಲಿಗೆ, ಬಲಕ್ಕೊಂದು ಹೊಲಿಗೆ, ಒಂದೊಂದರ ಎರಡೂ ಅಂಚಿಗೆ ಒಂದೊಂದು ಸೆಂಟಿಮೀಟರ್. ಎಂಟನೇ ಕ್ಲಾಸಿನ ಯಾವ ಮಗುವಾದರೂ ಕೂಡಿ ಹೇಳುತ್ತಿತ್ತು. ಮೇಷ್ಟ್ರು ಕೂಡಲಿಲ್ಲ, ಅಂಗಿ ಹಿಡಿದುಕೊಂಡು ಸೀದಾ ಬಟ್ಟೆ ಅಂಗಡಿಗೆ ಹೋದರು.

"ಏನ್ರೀ, ಕುಗ್ಗೋ ಬಟ್ಟೆ ಕೊಟ್ಟು ಮಕ್ಕಳಿಗೆ ಮೋಸ ಮಾಡ್ತೀರಾ?"

ಅಂಗಡಿಯವನು ಶಾಂತವಾಗಿ ಅಂಗಿ ತಿರುವಿ ನೋಡಿದ. "ಒಗೆದ್ರಾ ಸರ್?"

"ಇಲ್ಲ."

"ನೀರು ಮುಟ್ಟದೇ ಕುಗ್ಗೋ ಬಟ್ಟೆ ನಾನು ಇನ್ನೂ ನೋಡಿಲ್ಲ. ಇದನ್ನ ಹೊಲಿದವರು ಯಾರು? ಅವರನ್ನ ಹಿಡೀರಿ."

ಹಿಡಿಯಬೇಕಾದವರನ್ನು ಕರೆದುಕೊಂಡು ಮೇಷ್ಟ್ರು ಮನೆಗೆ ಬಂದರು. ಬಿಗಿಯಾಗಿದ್ದರೆ ಬಿಗಿಯಾಗಿರಲಿ, ಅದಕ್ಕೇ ಅಲ್ಲವೆ ಫಿಟ್ಟಿಂಗ್ ಎನ್ನುವುದು ಎಂದು ಉಳಿದ ಹದಿಮೂರನ್ನೂ ಅದೇ ಹಟದಲ್ಲಿ ಹೊಲಿದು ಬಿಸಾಡಿದರು.

ಶುಕ್ರವಾರ ಮಧ್ಯಾಹ್ನ ವೇಷ ತೊಟ್ಟು ನಡೆಸುವ ರಿಹರ್ಸಲ್. ಭಾನುವಾರ ನಾಟಕ. ಮೇಷ್ಟ್ರು ಒಬ್ಬೊಬ್ಬರನ್ನೇ ಉಸಿರು ಬಿಡಿಸಿ ಗುಂಡಿ ಹಾಕಿಸಿದರು. ಹತ್ತು ಹಮಾಲರು ನೀಲಿ ಅಂಗಿಯಲ್ಲಿ, ಮಗಳು ಎಂಟು ಹಿತ್ತಾಳೆ ಗುಂಡಿಯ ಕಪ್ಪು ಕೋಟಿನಲ್ಲಿ ವೇದಿಕೆಯ ಮೇಲೆ ಸಾಲಾಗಿ ನಿಂತರು. ಒಂದು ಸುಕ್ಕಿಲ್ಲ, ಒಂದು ಜೋಲಿಲ್ಲ. ಸಂಗೀತದ ಟೀಚರ್ ಕೂಡ, "ಅಬ್ಬ, ಅಚ್ಚು ಹಾಕಿದ ಹಾಗಿದೆ ಸರ್" ಅಂದರು. ಮೇಷ್ಟ್ರು ಮೊದಲ ಸಾಲಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತರು.

ಹಾರ್ಮೋನಿಯಂ ಶುರುವಾಯಿತು. ಹಮಾಲರು ಹಾಡಲು ಉಸಿರೆಳೆದುಕೊಂಡರು. ಟಪ್ ಎಂದು ಟ್ರಂಕುವಿನ ಮೂರನೇ ಗುಂಡಿ ಹಾರಿ ಹಾರ್ಮೋನಿಯಂ ಕೀಲಿಗಳ ಮೇಲೆ ಬಿತ್ತು. ಅದು ತಾಳಕ್ಕೆ ಸರಿಯಾಗಿಯೇ ಬಿತ್ತೆನ್ನಿ. ಆಮೇಲೆ ಹಾಡಿನ ಪ್ರಕಾರ ಹತ್ತೂ ಮಂದಿ ಒಟ್ಟಿಗೆ ಪೆಟ್ಟಿಗೆಗಳನ್ನು ತಲೆಯ ಮೇಲಕ್ಕೆ ಎತ್ತಬೇಕು, ಎತ್ತಿದರು. ಇಪ್ಪತ್ತು ಕಂಕುಳು ಒಟ್ಟಿಗೆ ಹರಿದ ಸದ್ದನ್ನು ಯಾವ ಸಂಗೀತದ ಟೀಚರೂ ಯಾವ ರಾಗಕ್ಕೂ ಹೊಂದಿಸಲಾರರು. ಒಬ್ಬ ಪ್ರಯಾಣಿಕ ಬೆಂಚಿನ ಮೇಲೆ ಕೂರಲು ಹೋಗಿ, ಅರ್ಧಕ್ಕೇ ನಿಂತು, ರಿಹರ್ಸಲ್ ಮುಗಿಯುವವರೆಗೆ ಗೋಡೆಗೆ ಬೆನ್ನು ಕೊಟ್ಟೇ ಉಳಿದ.

"ಕೈ ಎತ್ತಬೇಡ್ರೋ!" ಎಂದು ಮೇಷ್ಟ್ರು ಕೂಗಿದರು.

"ಎತ್ತದೇ ಪೆಟ್ಟಿಗೆ ಹೊರೋದು ಹೇಗೆ ಸರ್?" ಎಂದು ಟ್ರಂಕು ಅಳುಮೋರೆ ಮಾಡಿದ.

ಕೊನೆಗೆ ಮಗಳ ಸರದಿ. ಅವಳು ಮುಂದೆ ಬಂದು "ಬಂತು" ಎಂದು ಸ್ವರ ಎತ್ತಿದಳು. ಐದು, ಆರು, ಏಳು. ಏಳಕ್ಕೆ ಸ್ವರ ಒಡೆಯಿತು. ಇನ್ನೊಮ್ಮೆ ಹಾಡಿದಳು, ಆರಕ್ಕೆ ಒಡೆಯಿತು.

"ಹೊಟ್ಟೆಯಿಂದ ಉಸಿರು ತಗೊಳ್ಳಮ್ಮ" ಎಂದರು ಟೀಚರ್.

"ತಗೊಳ್ಳೋಕೆ ಆಗ್ತಿಲ್ಲ ಟೀಚರ್. ಕೋಟು ಬಿಡ್ತಿಲ್ಲ."

ಸುಮ್ಮನಿರಬಾರದೇ ಮೇಷ್ಟ್ರು? "ಸ್ವಲ್ಪ ಸ್ವಲ್ಪ ತಗೋ. ಮೆಲ್ಲಗೆ ಉಸಿರಾಡು. ಅದೇನು ಅಷ್ಟು ಕಷ್ಟ?" ಎಂದು ಕೂತಲ್ಲಿಂದಲೇ ಹೇಳಿದರು.

ಮಗಳು ವೇದಿಕೆಯ ಅಂಚಿಗೆ ಬಂದು ನಿಂತಳು. ಮುಖ ಕೆಂಪಾಗಿತ್ತು. "ಮನೇಲಿ ಹಾಗೇ ಉಸಿರಾಡ್ತಿದೀನಲ್ಲ ಅಪ್ಪ, ಹದಿನಾರು ವರ್ಷದಿಂದ. ಇಲ್ಲೂ ಹಾಗೇ ಆಡಬೇಕಾ?"

ಸಭಾಂಗಣದಲ್ಲಿ ಯಾರೂ ನಗಲಿಲ್ಲ. ಮೇಷ್ಟ್ರಿಗೆ ಕೋಪ ಬರಬೇಕಿತ್ತು, ಕಾದರು, ಬರಲಿಲ್ಲ. ಮಗಳಿಗೆ ನೋವಾಗಿದೆ, ನೋವು ಮಾಡಿದವನು ನಾನು ಎಂಬುದು ಅವರಿಗೆ ನೇರವಾಗಿ ಅರ್ಥವಾಯಿತು. ಹದಿನಾಲ್ಕು ಹರುಕು ಉಡುಪುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಮನೆಗೆ ಬಂದರು.

ಹೆಂಡತಿಯ ಮೇಜಿನ ಮೇಲೆ ಚೀಲ ಸುರಿದರು. "ಹರಿದುಹೋಯ್ತು" ಅಂದರು.

"ಕಾಣ್ತಿದೆ."

"ಇದನ್ನ ಬಿಚ್ಚಿ ಸ್ವಲ್ಪ ದೊಡ್ಡದು ಮಾಡೋಕೆ..." ಮೇಷ್ಟ್ರು ಒಂದು ಹರಿದ ತೋಳನ್ನು ಮಡಿಸಿಟ್ಟರು. "ಸಲಹೆ ಬೇಕಿತ್ತು."

"ಬಿಚ್ಚಿದ್ರೆ ದೊಡ್ಡದಾಗೋಕೆ ಒಳಗೆ ಬಟ್ಟೆ ಇರಬೇಕಲ್ಲ? ಅದಕ್ಕೇ ಎಷ್ಟು ಬಿಟ್ಟಿದ್ದೀರಿ ಅಂತ ಕೇಳಿದ್ದು ನಾನು. ನಿಮಗೆ ಬಿಡೋದು ಅಂದ್ರೆ ಸೋಲೋದು ಅಂತ." ಅವಳು ಒಂದೊಂದೇ ಅಂಗಿ ಎತ್ತಿ ನೋಡಿ, ಒಂದೊಂದಕ್ಕೂ ಮಾತು ಜೋರು ಮಾಡುತ್ತ ಹೋದಳು. "ಅವನು ಪೆಟ್ಟಿಗೆ ಎತ್ತೋನು. ಅವಳು ಹಾಡೋಳು. ನೀವು ಅಳೆದಿದ್ದು ಯಾರನ್ನ? ನಿಲ್ಲಿಸಿದ ಕಂಬಗಳನ್ನ. ನನ್ನ ಕೈಕೆಲಸ ನಿಮಗೆ ಕೂಡೋದು ಕಳೆಯೋದು, ಅಲ್ವಾ? ಇಪ್ಪತ್ತೊಂದು ವರ್ಷ ಇದೇ ಕೋಣೆ ದಾಟಿದ್ರಿ. ಒಂದು ದಿನ ನಿಂತು ನೋಡಿದ್ರೆ ಇಷ್ಟು ಗೊತ್ತಾಗ್ತಿತ್ತು."

ಹೆಂಡತಿ ಆ ತೆಳ್ಳನೆಯ ಪುಸ್ತಕವನ್ನು ಅವರ ಮುಂದೆ ಇಟ್ಟಳು. ಮೊದಲ ಪಾಠದ ಮೊದಲ ಸಾಲಿನ ಕೆಳಗೆ ಸೀಮೆಸುಣ್ಣದ ಗೆರೆಯಿತ್ತು: ಪಾತ್ರ ಏನು ತೊಡುತ್ತದೆ ಎಂದು ಕೇಳುವ ಮೊದಲು ಏನು ಮಾಡುತ್ತದೆ ಎಂದು ನೋಡಿ. ಪುಸ್ತಕ ಮನೆಗೆ ಬಂದ ದಿನವೇ ಅವಳು ಓದಿ ಮುಗಿಸಿದ್ದಳು.

ಶನಿವಾರ ಬೆಳಗ್ಗೆ ಹೆಂಡತಿ ಮೆಷಿನ್ ಮುಂದೆ ಕೂತಳು. ಮೇಷ್ಟ್ರಿಗೆ ಸಿಕ್ಕಿದ್ದು ಹೊಲಿಗೆ ಬಿಚ್ಚುವ ಕೆಲಸ. ಕಂಕುಳಿನಿಂದ ಕೆಳಗಿನ ಅಂಚಿನವರೆಗೆ ಎರಡೂ ಬದಿಗೆ ಅಗಲವಾದ ಪಟ್ಟಿ ಕೂಡಿಸುವುದೊಂದೇ ದಾರಿ. ನೀಲಿ ಬಟ್ಟೆ ಉಳಿದಿರಲಿಲ್ಲ, ಮೇಷ್ಟ್ರು ಎಳೆ ಲೆಕ್ಕ ಹಾಕಿ ತಂದಿದ್ದರಲ್ಲ. ಮನೆಯಲ್ಲಿ ಸಾಕಷ್ಟಿದ್ದದ್ದು ಹಳದಿ ಬಟ್ಟೆ ಒಂದೇ.

"ಬದಿಗೆ ಹಳದಿನಾ? ಎದ್ದು ಕಾಣುತ್ತಲ್ಲ" ಎಂದರು ಮೇಷ್ಟ್ರು.

"ಕಾಣಲಿ. ಕೊನೇ ಸಾಲಿನವರಿಗೆ ಬಣ್ಣ ಕಾಣುತ್ತೆ, ಹೊಲಿಗೆ ಕಾಣಲ್ಲ. ಬಿಚ್ಚಿ ನೀವು."

ಕೋಟಿನ ಸರದಿ ಬಂದಾಗ ಹೆಂಡತಿ ಮಗಳನ್ನು ಕರೆದು ನಿಲ್ಲಿಸಿ, ಟೇಪನ್ನು ಗಂಡನ ಕೈಗೆ ಕೊಟ್ಟಳು. "ಅಳೀರಿ. ನೀನು ಹಾಡೇ."

"ಇವರ ಎದುರಿಗಾ?" ಎಂದಳು ಮಗಳು.

"ಇವರ ಎದುರಿಗೇ."

ಮಗಳು ಸಿಟ್ಟಿನಲ್ಲೇ ಉಸಿರೆಳೆದುಕೊಂಡಳು. ಮೇಷ್ಟ್ರ ಬೆರಳುಗಳ ನಡುವೆ ಟೇಪು ಸರಸರ ಜಾರಿತು. ಅಭ್ಯಾಸಬಲದಿಂದ ಬಿಗಿಹಿಡಿಯಲು ಹೋದವರು ಕೈ ಸಡಿಲಿಸಿದರು. ಎರಡು, ನಾಲ್ಕು, ಆರು ಸೆಂಟಿಮೀಟರ್. ಇಷ್ಟು ದೊಡ್ಡ ಉಸಿರು ಈ ಪುಟ್ಟ ಹುಡುಗಿಯ ಒಳಗೆ ಎಲ್ಲಿತ್ತು? ಸ್ವರ ಎದ್ದಿತು, ಕೋಣೆ ತುಂಬಿತು, ಗೋಡೆಯ ಮೇಲಿನ ಅರೆಬರೆ ಅಂಗಿಗಳ ನಡುವೆ ನಿಂತಿತು. ಬಚ್ಚಲಿನಿಂದ ಬರುತ್ತಿದ್ದದ್ದನ್ನು ಎರಡು ತಿಂಗಳು ಕೇಳಿಸಿಕೊಂಡು "ಸಾಕು ನಿಲ್ಲಿಸು" ಎಂದು ತಾವು ಕೂಗಿದ್ದು ಇದೇ ಸ್ವರಕ್ಕೆ. ಹದಿನಾರಕ್ಕೆ ಅವಳು ನಿಲ್ಲಿಸಿದಾಗ ಮೇಷ್ಟ್ರ ಕಣ್ಣು ತುಂಬಿತ್ತು, ಅಂಕಿ ಸರಿಯಾಗಿ ಕಾಣಿಸಲಿಲ್ಲ.

"ಎಷ್ಟು?" ಎಂದಳು ಹೆಂಡತಿ.

"ಸುಮಾರು ಏಳು ಇಟ್ಕೋ" ಎಂದರು ಮೇಷ್ಟ್ರು. 'ಸುಮಾರು' ಎಂಬ ಪದವನ್ನು ಅವರ ಬಾಯಲ್ಲಿ ಆ ಮನೆ ಮೊದಲ ಸಲ ಕೇಳಿತು. ಮಗಳು ತಿರುಗಿ ನೋಡಿದಳು. ಸಿಟ್ಟು ಇಳಿದಿರಲಿಲ್ಲ. "ನಾಳೆ ಬೇಕಾದ್ರೆ ಬನ್ನಿ. ಆದ್ರೆ ಕೊನೇ ಸಾಲು" ಎಂದು ಒಳಗೆ ಹೋದಳು.

ಭಾನುವಾರ ಸಂಜೆ ಸಭಾಂಗಣದ ಕೊನೆಯ ಸಾಲಿನಲ್ಲಿ ಗಂಡ ಹೆಂಡತಿ ಕೂತರು. ಹಮಾಲರು ಪೆಟ್ಟಿಗೆ ಎತ್ತಿದಾಗ ಹತ್ತು ನೀಲಿ ಅಂಗಿಗಳ ಬದಿಯಿಂದ ಇಪ್ಪತ್ತು ಹಳದಿ ಪಟ್ಟಿ ಒಟ್ಟಿಗೆ ತೆರೆದುಕೊಂಡವು, ಕೈ ಇಳಿಸಿದಾಗ ಮರೆಯಾದವು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬಳು, "ಎಂಥ ಕಲ್ಪನೆ ನೋಡಿ" ಎಂದು ಪಕ್ಕದವಳಿಗೆ ಹೇಳಿದಳು. ಕೊನೆಗೆ ಕಪ್ಪು ಕೋಟಿನ ಹುಡುಗಿ ಬಂದು "ಬಂತು" ಎಂದು ಎತ್ತಿದ ಸ್ವರ ಹದಿನಾರಕ್ಕೆ ನಿಲ್ಲಲಿಲ್ಲ, ಇಪ್ಪತ್ತಕ್ಕೆ ಹೋಗಿ ತಾನಾಗಿಯೇ ಇಳಿಯಿತು. ಕೋಟಿನ ಎಂಟೂ ಗುಂಡಿ ಇದ್ದಲ್ಲೇ ಇದ್ದವು.

ಪರದೆ ಬಿದ್ದ ಮೇಲೆ ಸಂಗೀತದ ಟೀಚರ್ ಮೈಕು ಹಿಡಿದು, "ಉಡುಪು ವಿನ್ಯಾಸ ಮಾಡಿದವರು ವೇದಿಕೆಗೆ ಬರಬೇಕು" ಎಂದು ಕರೆದರು. ಮೇಷ್ಟ್ರು ಹೆಂಡತಿಯ ಮೊಣಕೈ ತಿವಿದರು.

"ನಾನು ಮಾಡಿದ್ದು ರಿಪೇರಿ. ಒಪ್ಕೊಂಡೋರು ನೀವು, ನೀವೇ ಹೋಗಿ" ಎಂದಳು ಹೆಂಡತಿ.

ಮೇಷ್ಟ್ರು ಹೋದರು. ವೇದಿಕೆಯ ಮೇಲೆ ಮಗಳೇ ಮೈಕು ಕೊಟ್ಟು, "ಎರಡೇ ಮಾತು ಅಪ್ಪ" ಎಂದು ಪಿಸುಗುಟ್ಟಿದಳು. ಅವರು ಸಭೆಯನ್ನು ನೋಡಿದರು, ಕೊನೆಯ ಸಾಲು ನೋಡಿದರು.

"ಬಟ್ಟೆ ನನ್ನ ಹೆಂಡತಿದು. ತಪ್ಪು ನನ್ನದು" ಎಂದು ಮೈಕು ವಾಪಸ್ಸು ಕೊಟ್ಟರು.

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮಗಳು ಎಲ್ಲರೆದುರೇ ಅಪ್ಪನ ಕೈ ಹಿಡಿದುಕೊಂಡಳು. ಬಾಳಿನಲ್ಲಿ ಮೊದಲ ಸಲ ತಪ್ಪು ಒಪ್ಪಿಕೊಂಡ ಮೇಷ್ಟ್ರು ಗೆದ್ದವರ ಹಾಗೆ ನಡೆದು ಬಂದು ಹೆಂಡತಿಯ ಪಕ್ಕ ಕೂತರು. ಒಂದು ಒಳ್ಳೆಯ ಮಾತಿಗಾಗಿ ಕಾದರು. ಅವಳು ಸೆರಗಿಗೆ ಅಂಟಿದ್ದ ಹಳದಿ ದಾರ ಕೀಳುತ್ತ ಕೂತಿದ್ದಳು.

"ಹೇಗಿತ್ತು ನನ್ನ ಮಾತು?" ಎಂದು ತಾವೇ ಕೇಳಿದರು.

"ಚೆನ್ನಾಗಿತ್ತು. ಆದ್ರೆ 'ತಪ್ಪು ನನ್ನದು' ಅಂದ್ರಲ್ಲ, ಅದು ಏಕವಚನ ಆಯ್ತು" ಎಂದಳು ಹೆಂಡತಿ. "ಅಷ್ಟೊಂದು ತಪ್ಪುಗಳಿಗೆ ಸ್ವಲ್ಪ ಮರ್ಯಾದೆ ಕೊಡಿ. ಬಹುವಚನದಲ್ಲಿ ಕರೀರಿ."